ಟ್ರ್ಯಾಕ್ಟರ್ ಇಂಜಿನ್ನಿಗೆ ಬಾಟಲಿ ಔಷಧಿ ಬೇಕೇ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿತೆಂದರೆ ಸಿಂಧನೂರು ಭಾಗದಲ್ಲಿ ಟ್ರ್ಯಾಕ್ಟರುಗಳಿಗೆ ಹಗಲು ರಾತ್ರಿ ಬಿಡುವಿಲ್ಲ. ಗದ್ದೆಗೆ ನೀರು ಹಾಯಿಸಬೇಕು, ಕೆಸರು ಮಾಡಬೇಕು, ಸಸಿ ಬಲಿಯುವ ಮೊದಲು ನಾಟಿ ಮುಗಿಸಬೇಕು. ಅಂಥ ಸಮಯದಲ್ಲಿ ಇಂಜಿನ್ ಕೆಟ್ಟು ಟ್ರ್ಯಾಕ್ಟರು ಎಂಟು ದಿನ ನಿಂತರೆ ರಿಪೇರಿಯ ಖರ್ಚು ಒಂದು ಕಡೆ, ನಾಟಿ ತಡವಾದುದರ ನಷ್ಟ ಇನ್ನೊಂದು ಕಡೆ. ಕಾಲುವೆಯ ಕೊನೆಭಾಗದ ರೈತನಿಗಂತೂ ತಪ್ಪಿದ ನೀರಿನ ಸರದಿ ಮತ್ತೆ ಯಾವಾಗ ಬರುವುದೆಂಬ ಚಿಂತೆ.

ರೈತರ ಈ ಭಯವನ್ನು ವ್ಯಾಪಾರಿಗಳೂ ಬಲ್ಲರು. ಬಿಡಿಭಾಗಗಳ ಅಂಗಡಿಗಳಲ್ಲಿ ಬಣ್ಣಬಣ್ಣದ ಸಣ್ಣ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಒಂದು ಇಂಜಿನ್ ಆಯಿಲಿಗೆ ಬೆರೆಸುವುದು, ಇನ್ನೊಂದು ಡೀಸೆಲ್ಲಿಗೆ ಹಾಕುವುದು, ಮತ್ತೊಂದು ಇಂಜಿನ್ನಿನ ಒಳಗನ್ನು ತೊಳೆಯುವುದು. ಹೊಗೆ ಕಡಿಮೆಯಾಗುತ್ತದೆ, ಡೀಸೆಲ್ ಉಳಿಯುತ್ತದೆ, ಇಂಜಿನ್ ಹೊಸದರಂತಾಗುತ್ತದೆ ಎಂಬ ಮಾತು ಪ್ರತಿಯೊಂದರ ಮೇಲೂ ಇರುತ್ತದೆ. ಈ ಪೂರಕ ದ್ರವಗಳಿಗೆ ಸಾಮಾನ್ಯವಾಗಿ 'ಅಡಿಟಿವ್' ಅಥವಾ 'ಕ್ಲೀನರ್' ಎನ್ನುತ್ತಾರೆ. ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ, ಯಾವುದರಿಂದ ಹಾನಿ ಎಂಬುದನ್ನು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಇಂಜಿನ್ನೂ ಉಳಿಯುತ್ತದೆ.

ಮೂರು ತಾಲ್ಲೂಕು, ಮೂರು ಬಗೆಯ ಕೆಲಸ

ಇಂಜಿನ್ನಿನ ತೊಂದರೆಗಳು ಎಲ್ಲ ಕಡೆಯೂ ಒಂದೇ ತರಹ ಇರುವುದಿಲ್ಲ. ಸಿಂಧನೂರಿನ ಎರೆಭೂಮಿಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರು ಕೇಜ್ ವೀಲ್ ಹಾಕಿಕೊಂಡು ಕೆಸರಿನಲ್ಲಿ ನಿಧಾನವಾಗಿ, ಆದರೆ ಪೂರ್ಣ ಭಾರದಲ್ಲಿ ದುಡಿಯುತ್ತದೆ. ಅಲ್ಲಿ ಇಂಜಿನ್ನಿಗೆ ಮುಖ್ಯ ಶತ್ರು ನೀರು ಮತ್ತು ಬಿಸಿ. ಕೆಸರು ಮೆತ್ತಿಕೊಂಡ ರೇಡಿಯೇಟರಿನಿಂದ ಇಂಜಿನ್ ಕಾಯುತ್ತದೆ. ಸವೆದ ಸೀಲುಗಳ ಮೂಲಕ ಹಿಂದಿನ ಆಕ್ಸಲ್ಲಿನ ಎಣ್ಣೆಗೆ ನೀರು ಸೇರುತ್ತದೆ.

ಲಿಂಗಸುಗೂರು ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಊರುಗಳಿದ್ದರೂ ತೊಗರಿ, ಸಜ್ಜೆ, ಹತ್ತಿ ಬೆಳೆಯುವ ಒಣಭೂಮಿ ಸಾಕಷ್ಟಿದೆ. ಬೇಸಿಗೆಯಲ್ಲಿ ರೆಂಟೆ ಹೊಡೆಯುವಾಗ, ರಾಶಿ ಮಾಡುವಾಗ ಏಳುವ ಧೂಳೇ ಅಲ್ಲಿ ದೊಡ್ಡ ಶತ್ರು. ಮಸ್ಕಿ ತಾಲ್ಲೂಕಿನ ಒಂದು ಭಾಗಕ್ಕೆ ಎಡದಂಡೆ ಕಾಲುವೆಯ ನೀರು, ಉಳಿದ ಭಾಗಕ್ಕೆ ಮಳೆಯೇ ಗತಿ. ಅಲ್ಲಿನ ಟ್ರ್ಯಾಕ್ಟರು ಒಂದೇ ವರ್ಷದಲ್ಲಿ ಕೆಸರನ್ನೂ ಧೂಳನ್ನೂ ಕಂಡು, ಸುಗ್ಗಿಯಲ್ಲಿ ಟ್ರೇಲರ್ ಎಳೆದುಕೊಂಡು ರಸ್ತೆಯನ್ನೂ ಕಾಣುತ್ತದೆ.

ನೀರು, ಧೂಳು, ಬಿಸಿ ಈ ಮೂರನ್ನೂ ತಡೆಯಬಲ್ಲ ಪೂರಕ ದ್ರವ ಯಾವುದೂ ಇಲ್ಲ. ಇವುಗಳನ್ನು ತಡೆಯುವುದು ಫಿಲ್ಟರುಗಳು, ಸೀಲುಗಳು, ರೇಡಿಯೇಟರು ಮತ್ತು ಚಾಲಕನ ಕೈ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಷಯಗಳನ್ನು ನೋಡಬೇಕು.

ಇಂಜಿನ್ ಆಯಿಲಿನಲ್ಲಿ ಏನೇನಿದೆ?

ಅಂಗಡಿಯಿಂದ ತರುವ ಇಂಜಿನ್ ಆಯಿಲ್ ಬರೀ ಎಣ್ಣೆಯಲ್ಲ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಮೂಲ ಎಣ್ಣೆ. ಉಳಿದದ್ದು ಕಾರ್ಖಾನೆಯಲ್ಲಿಯೇ ಬೆರೆಸಿದ ಪೂರಕ ವಸ್ತುಗಳು. ಅವುಗಳಲ್ಲಿ ಮುಖ್ಯವಾದವು ಇವು:

ತೊಳೆಯುವ ವಸ್ತು (ಡಿಟರ್ಜೆಂಟ್): ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣಗಳಿಂದ ಆದದ್ದು. ಪಿಸ್ಟನ್ ಮತ್ತು ರಿಂಗುಗಳ ಮೇಲೆ ಮಸಿ ಅಂಟದಂತೆ ನೋಡಿಕೊಳ್ಳುತ್ತದೆ. ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಶಮನಗೊಳಿಸುತ್ತದೆ.

ಚದುರಿಸುವ ವಸ್ತು (ಡಿಸ್ಪರ್ಸೆಂಟ್): ಮಸಿಯ ಕಣಗಳು ಒಟ್ಟುಗೂಡಿ ಗಸಿಯಾಗದಂತೆ ಅವುಗಳನ್ನು ಎಣ್ಣೆಯಲ್ಲಿ ತೇಲಿಸಿ ಇಡುತ್ತದೆ.

ಸವಕಳಿ ತಡೆಯುವ ವಸ್ತು: ಸತು ಮತ್ತು ರಂಜಕದ ಸಂಯುಕ್ತ. ಎಣ್ಣೆಯ ಪೊರೆ ಹರಿದ ಜಾಗದಲ್ಲಿ ಲೋಹಕ್ಕೆ ಲೋಹ ಉಜ್ಜದಂತೆ ಕಾಯುತ್ತದೆ.

ಇವಲ್ಲದೆ ಬಿಸಿಯಲ್ಲಿ ಎಣ್ಣೆ ಬಹಳ ತೆಳುವಾಗದಂತೆ, ನೊರೆ ಬರದಂತೆ, ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಬೇರೆ ಬೇರೆ ವಸ್ತುಗಳೂ ಇರುತ್ತವೆ.

ತೊಳೆಯುವ ಗುಣವುಳ್ಳ ಎಣ್ಣೆ ಬಳಕೆಗೆ ಬಂದದ್ದೇ ಟ್ರ್ಯಾಕ್ಟರುಗಳ ದೆಸೆಯಿಂದ. 1930ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಪಿಸ್ಟನ್ ರಿಂಗುಗಳು ಮಸಿಯಿಂದ ಅಂಟಿಕೊಂಡು ಇಂಜಿನ್ ಕೆಡುತ್ತಿತ್ತು. ಅದಕ್ಕೆ ಪರಿಹಾರವಾಗಿ ಆ ದಶಕದ ಮಧ್ಯಭಾಗದಲ್ಲಿ ತೊಳೆಯುವ ವಸ್ತು ಬೆರೆಸಿದ ಡೀಸೆಲ್ ಇಂಜಿನ್ ಎಣ್ಣೆ ತಯಾರಾಯಿತು. ಇಂದು ಡಬ್ಬಿಯ ಮೇಲೆ ಎ.ಪಿ.ಐ. ಸಿ.ಹೆಚ್.-4, ಸಿ.ಐ.-4 ಮುಂತಾಗಿ ಬರೆದಿರುವ ಪ್ರತಿಯೊಂದು ಡೀಸೆಲ್ ಇಂಜಿನ್ ಎಣ್ಣೆಯಲ್ಲೂ ಈ ವಸ್ತುಗಳು ಗೊತ್ತಾದ ಪ್ರಮಾಣದಲ್ಲಿ, ಇಂಜಿನ್ನುಗಳಲ್ಲಿ ಓಡಿಸಿ ಪರೀಕ್ಷೆ ಮಾಡಿದ ಮೇಲೆಯೇ ಬೆರೆತಿರುತ್ತವೆ. ಅಂದರೆ ಒಳ್ಳೆಯ ಎಣ್ಣೆ ಹಾಕಿದ ರೈತನು ಕ್ಲೀನರನ್ನು ಆಗಲೇ ಹಾಕಿದ್ದಾನೆ.

ಎಣ್ಣೆ ಕಪ್ಪಾದರೆ ಕೆಟ್ಟಿತೆಂದಲ್ಲ

ಹೊಸ ಎಣ್ಣೆ ಹಾಕಿ ನಾಲ್ಕು ದಿನವೂ ಆಗಿಲ್ಲ, ಆಗಲೇ ಕಪ್ಪಾಗಿದೆ, ಆದ್ದರಿಂದ ಎಣ್ಣೆ ನಕಲಿ ಎಂದು ಅನೇಕರು ತಿಳಿಯುತ್ತಾರೆ. ಡೀಸೆಲ್ ಇಂಜಿನ್ನಿನಲ್ಲಿ ಎಣ್ಣೆ ಕಪ್ಪಾಗುವುದು ಸಹಜ. ಮಸಿಯನ್ನು ಎಣ್ಣೆಯು ತನ್ನೊಳಗೆ ಹಿಡಿದಿಟ್ಟುಕೊಂಡಿದೆ ಎಂಬುದಕ್ಕೆ ಅದೇ ಗುರುತು. ಎಣ್ಣೆ ಕಪ್ಪಾಗದೆ ಇದ್ದು ಮಸಿ ಇಂಜಿನ್ನಿನ ಗೋಡೆಗೆ ಅಂಟಿಕೊಂಡರೆ ಅದು ಕೇಡು.

ಎಣ್ಣೆಯ ಸ್ಥಿತಿಯನ್ನು ಮನೆಯಲ್ಲಿಯೇ ಮಟ್ಟಿಗೆ ತಿಳಿಯಲು ಒಂದು ಸುಲಭ ವಿಧಾನವಿದೆ. ಇಂಜಿನ್ ಬಿಸಿಯಾಗಿರುವಾಗಲೇ ನಿಲ್ಲಿಸಿ, ಅಳತೆ ಕಡ್ಡಿಯಿಂದ ಒಂದು ಹನಿ ಎಣ್ಣೆಯನ್ನು ಮಸಿಹೀರುವ ಕಾಗದ ಅಥವಾ ಬಿಳಿಯ ಫಿಲ್ಟರ್ ಕಾಗದದ ಮೇಲೆ ಬಿಡಬೇಕು. ಕಾಗದವನ್ನು ಗಾಳಿಗೆ ಎತ್ತಿ ಇಟ್ಟು ಮಾರನೆಯ ದಿನ ನೋಡಬೇಕು. ಕಲೆಯು ನಡುವಿನಿಂದ ಅಂಚಿನವರೆಗೆ ಒಂದೇ ಸಮನೆ ಬೂದುಬಣ್ಣದಲ್ಲಿ ಹರಡಿದ್ದರೆ ಎಣ್ಣೆಗೆ ಇನ್ನೂ ಶಕ್ತಿಯಿದೆ. ನಡುವೆ ದಟ್ಟ ಕಪ್ಪು ಚುಕ್ಕೆ ನಿಂತು ಸುತ್ತಲೂ ತಿಳಿಯಾದ ಉಂಗುರ ಕಂಡರೆ ಚದುರಿಸುವ ಶಕ್ತಿ ಮುಗಿದಿದೆ, ಎಣ್ಣೆ ಬದಲಾಯಿಸಬೇಕು.

ನೀರು ಸೇರಿದೆಯೇ ಎಂಬ ಅನುಮಾನವಿದ್ದರೆ ಚೆನ್ನಾಗಿ ಕಾದ ಹಂಚಿನ ಮೇಲೆ ಒಂದೇ ಒಂದು ಹನಿ ಬಿಟ್ಟು ದೂರ ನಿಂತು ಕೇಳಬೇಕು. ಚಟಪಟ ಸಿಡಿದರೆ ನೀರಿದೆ. ಕಡ್ಡಿಗೆ ಹತ್ತಿದ ಎಣ್ಣೆ ಹಾಲುಬೆರೆಸಿದ ಚಹಾದಂತೆ ಕಂಡರೂ ನೀರೇ. ಎಣ್ಣೆಯ ಮಟ್ಟ ತಾನಾಗಿಯೇ ಏರಿದ್ದು, ತೆಳುವಾಗಿ ಡೀಸೆಲ್ ವಾಸನೆ ಬಂದರೆ ಇಂಧನ ಸೋರಿ ಎಣ್ಣೆಗೆ ಸೇರುತ್ತಿದೆ. ಈ ಎರಡೂ ಸಂದರ್ಭಗಳಲ್ಲಿ ಬಾಟಲಿ ಹುಡುಕದೆ ಮೆಕ್ಯಾನಿಕ್ಕನನ್ನು ಹುಡುಕಬೇಕು. ಅಲ್ಲಿಯವರೆಗೆ ಇಂಜಿನ್ ಚಾಲೂ ಮಾಡಬಾರದು.

ಎಣ್ಣೆಗೆ ಬೆರೆಸುವ ಪೂರಕಗಳು

ಏಳು ಲೀಟರ್ ಎಣ್ಣೆ ಹಿಡಿಯುವ ಇಂಜಿನ್ನಿಗೆ 300 ಮಿಲಿ ಲೀಟರಿನ ಬಾಟಲಿ ಸುರಿದರೆ ಎಣ್ಣೆಯ ಶೇಕಡಾ 4ಕ್ಕಿಂತ ಹೆಚ್ಚು ಭಾಗ ಬೇರೆ ವಸ್ತುವಾಗುತ್ತದೆ. ಕಾರ್ಖಾನೆಯಲ್ಲಿ ಅಳೆದು ತೂಗಿ ಕೂಡಿಸಿದ ಸಮತೋಲ ಇದರಿಂದ ಕೆಡಬಹುದು. ಪೂರಕಗಳಲ್ಲಿ ನಾಲ್ಕು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು ಜೇನಿನಂತೆ ದಪ್ಪಗಿರುವ ದ್ರವ. ಇದು ಎಣ್ಣೆಯನ್ನು ದಪ್ಪ ಮಾಡುತ್ತದೆ. ಸವೆದ ರಿಂಗುಗಳ ಸಂದಿನಿಂದ ಎಣ್ಣೆ ಮೇಲೇರುವುದು ಕೆಲವು ದಿನ ತಗ್ಗುತ್ತದೆ. ನೀಲಿ ಹೊಗೆ ಕಡಿಮೆಯಾಗುತ್ತದೆ. ಇಂಜಿನ್ನಿನ ಬಡಿತದ ಸದ್ದೂ ಅಡಗುತ್ತದೆ. ಸವಕಳಿ ಮಾತ್ರ ಹಾಗೆಯೇ ಇರುತ್ತದೆ. ಹಳೆಯ ಟ್ರ್ಯಾಕ್ಟರ್ ಕೊಳ್ಳುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಕಡ್ಡಿಯ ಎಣ್ಣೆ ಅಂಟಂಟಾಗಿ ನೂಲು ಬರುವಂತಿದ್ದರೆ ಎಣ್ಣೆ ಬದಲಾಯಿಸಿ, ಭಾರ ಹಾಕಿ ಓಡಿಸಿ ನೋಡಿದ ಮೇಲೆಯೇ ಬೆಲೆ ಮಾತನಾಡುವುದು ಒಳ್ಳೆಯದು.

ಎರಡನೆಯದು ಟೆಫ್ಲಾನಿನಂಥ ಪುಡಿ ಬೆರೆಸಿದ ದ್ರವ. ಲೋಹದ ಮೇಲೆ ಶಾಶ್ವತ ಲೇಪ ಬೀಳುತ್ತದೆ ಎಂಬುದು ಇದರ ಜಾಹೀರಾತು. ಅಮೆರಿಕದಲ್ಲಿ ಸ್ಲಿಕ್ 50 ಎಂಬ ಪ್ರಸಿದ್ಧ ಪೂರಕದ ಇಂಥ ಜಾಹೀರಾತುಗಳಿಗೆ ಆಧಾರವಿಲ್ಲವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಆಪಾದಿಸಿತು; 1997ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಜಾಹೀರಾತಿನ ಮಾತಿಗೂ ಪರೀಕ್ಷೆಯ ಮಾತಿಗೂ ಎಷ್ಟು ಅಂತರವಿರಬಹುದು ಎಂಬುದಕ್ಕೆ ಇದು ನಿದರ್ಶನ.

ಮೂರನೆಯದು ಕ್ಲೋರಿನ್ ಇರುವ ದ್ರವ. ಅಂಗಡಿಯ ಮೇಜಿನ ಮೇಲೆ ಲೋಹದ ಗಾಲಿಗೆ ತುಂಡು ಒತ್ತಿ ತೋರಿಸುವ ಪ್ರದರ್ಶನದಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಇಂಜಿನ್ನಿನ ಬಿಸಿಯಲ್ಲಿ, ತೇವದೊಡನೆ ಕೂಡಿದಾಗ ಇದರಿಂದ ಆಮ್ಲ ಹುಟ್ಟಿ ಬೇರಿಂಗುಗಳನ್ನು ತಿನ್ನಬಹುದು.

ನಾಲ್ಕನೆಯದು ಘರ್ಷಣೆ ತಗ್ಗಿಸುವ ಮಾಲಿಬ್ಡಿನಂ ಮುಂತಾದವು. ಇವು ತಮ್ಮಷ್ಟಕ್ಕೆ ಕೆಟ್ಟವಲ್ಲ. ಕೆಲವು ಎಣ್ಣೆಗಳಲ್ಲಿ ತಯಾರಕರೇ ಬೆರೆಸಿರುತ್ತಾರೆ. ಆದರೆ ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಯ ಎಣ್ಣೆಗೆ ಇಂಥದನ್ನು ಎಂದಿಗೂ ಹಾಕಬಾರದು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳುಳ್ಳ ಟ್ರ್ಯಾಕ್ಟರುಗಳಲ್ಲಿ ಅದೇ ಎಣ್ಣೆ ಬ್ರೇಕಿನ ತಟ್ಟೆಗಳಿಗೂ ಹೋಗುತ್ತದೆ. ಎಣ್ಣೆ ಅತಿಯಾಗಿ ಜಾರಿದರೆ ಬ್ರೇಕೂ ಜಾರುತ್ತದೆ. ಭತ್ತದ ಚೀಲ ತುಂಬಿದ ಟ್ರೇಲರ್ ಹಿಂದಿರುವಾಗ ಇದು ಪ್ರಾಣಕ್ಕೆ ಬರುವ ವಿಷಯ.

ಇಂಜಿನ್ ತೊಳೆಯುವ ದ್ರವ: ಹಳೆಯ ಇಂಜಿನ್ನಿಗೆ ಅಪಾಯ

'ಫ್ಲಶ್' ಎಂಬ ದ್ರವವನ್ನು ಹಳೆಯ ಎಣ್ಣೆಗೆ ಸುರಿದು, ಐದು ಹತ್ತು ನಿಮಿಷ ಭಾರವಿಲ್ಲದೆ ಇಂಜಿನ್ ಓಡಿಸಿ, ಎಣ್ಣೆಯನ್ನು ಹೊರಬಿಡುವ ಪದ್ಧತಿಯಿದೆ. ಕೆಲವು ಕಡೆ ಫ್ಲಶ್ ಬದಲು ಡೀಸೆಲ್ ಅಥವಾ ಸೀಮೆಎಣ್ಣೆಯನ್ನೇ ಹಾಕಿ ತೊಳೆಯುವುದುಂಟು.

ಸಕಾಲದಲ್ಲಿ ಎಣ್ಣೆ ಬದಲಿಸುತ್ತ ಬಂದ ಇಂಜಿನ್ನಿನಲ್ಲಿ ತೊಳೆಯಲು ಹೆಚ್ಚೇನೂ ಇರುವುದಿಲ್ಲ. ಬಹುಕಾಲ ಎಣ್ಣೆ ಬದಲಿಸದೆ ಗಸಿ ಕಟ್ಟಿದ ಇಂಜಿನ್ನಿನಲ್ಲಿ ತೊಳೆಯುವುದೇ ಅಪಾಯ. ಗಸಿ ಒಮ್ಮೆಲೇ ಹೆಪ್ಪುಹೆಪ್ಪಾಗಿ ಕಳಚಿ, ಎಣ್ಣೆ ಪಂಪಿನ ಬಾಯಿಯಲ್ಲಿರುವ ಜಾಲರಿಗೆ ಬಂದು ಕೂಡುತ್ತದೆ. ಆಗ ಎಣ್ಣೆ ಮೇಲೇರುವುದಿಲ್ಲ. ಕ್ರ್ಯಾಂಕ್ ಬೇರಿಂಗುಗಳು ಒಣಗಿ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತವೆ. ಸಣ್ಣ ಬಾಟಲಿಯ ಉಳಿತಾಯವನ್ನು ನಂಬಿ ಇಡೀ ಇಂಜಿನ್ ಬಿಚ್ಚಿಸುವ ಪ್ರಸಂಗ ಹೀಗೆ ಬರುತ್ತದೆ. ಡೀಸೆಲ್ ಹಾಕಿ ತೊಳೆದಾಗ ಮೂಲೆಗಳಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳು ಮಾಡುವ ತೊಂದರೆಯೂ ಉಂಟು.

ಗಸಿ ಕಟ್ಟಿದ ಇಂಜಿನ್ನನ್ನು ಶುದ್ಧ ಮಾಡುವ ಸುರಕ್ಷಿತ ಕ್ರಮವೆಂದರೆ ಒಳ್ಳೆಯ ಎಣ್ಣೆಯನ್ನೇ ಬೇಗ ಬೇಗ ಬದಲಿಸುವುದು. ಹೊಸ ಎಣ್ಣೆ ಮತ್ತು ಹೊಸ ಫಿಲ್ಟರ್ ಹಾಕಿ ಸುಮಾರು 50 ಗಂಟೆ ಓಡಿಸಿ ಎರಡನ್ನೂ ಬದಲಿಸಬೇಕು; ಮತ್ತೆ 50 ಗಂಟೆಗೆ ಇನ್ನೊಮ್ಮೆ ಬದಲಿಸಬೇಕು. ಎಣ್ಣೆಯಲ್ಲಿರುವ ತೊಳೆಯುವ ವಸ್ತು ಗಸಿಯನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಫಿಲ್ಟರಿಗೆ ಒಯ್ಯುತ್ತದೆ. ಗಸಿ ಬಹಳ ದಪ್ಪಗಿದ್ದರೆ ಎಣ್ಣೆ ತೊಟ್ಟಿಯನ್ನು ಬಿಚ್ಚಿಸಿ ಜಾಲರಿಯನ್ನು ಕೈಯಿಂದಲೇ ತೊಳೆಸುವುದು ಲೇಸು.

ಡೀಸೆಲ್ಲಿಗೆ ಬೆರೆಸುವ ಕ್ಲೀನರುಗಳು

1980ರ ದಶಕದ ಡೀಸೆಲ್ಲಿಗೂ ಇಂದಿನ ಡೀಸೆಲ್ಲಿಗೂ ಬಹಳ ವ್ಯತ್ಯಾಸವಿದೆ. ಆಗ ಗಂಧಕದ ಅಂಶ ಶೇಕಡಾ 1ರವರೆಗೆ ಇರಬಹುದಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರುವ ಬಿ.ಎಸ್.-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗಕ್ಕಿಂತ ಹೆಚ್ಚಿರಬಾರದು. ಹಳೆಯ ಟ್ರ್ಯಾಕ್ಟರಿಗೂ ಬಂಕಿನಲ್ಲಿ ಸಿಗುವುದು ಇದೇ ಡೀಸೆಲ್. ಗಂಧಕ ತೆಗೆಯುವ ಕ್ರಮದಲ್ಲಿ ಡೀಸೆಲ್ಲಿನ ಸ್ವಾಭಾವಿಕ ಜಾರುಗುಣವೂ ತಗ್ಗುವುದರಿಂದ ಅದನ್ನು ಸರಿದೂಗಿಸುವ ಪೂರಕವನ್ನು ಎಣ್ಣೆ ಕಂಪನಿಯವರೇ ಬೆರೆಸುತ್ತಾರೆ. ಹೀಗಿರುವಾಗ ಸೀಮೆಎಣ್ಣೆ ಮುಂತಾದವನ್ನು ಕಲಸಿದರೆ ಜಾರುಗುಣ ಮತ್ತೆ ಕುಗ್ಗಿ ಇಂಧನ ಪಂಪು ಸವೆಯುತ್ತದೆ.

ಅಂಗಡಿಯ ಡೀಸೆಲ್ ಕ್ಲೀನರುಗಳಲ್ಲಿ ಇಂಜೆಕ್ಟರಿನ ತುದಿಗೆ ಹಿಡಿದ ಮಸಿಯನ್ನು ಕರಗಿಸುವ ವಸ್ತುವಿರುತ್ತದೆ. ಈ ವಸ್ತುವಿಗೆ ನಿಜವಾದ ಶಕ್ತಿಯಿದೆ. ಮಸಿ ಅಲ್ಪವಾಗಿದ್ದರೆ ಅದು ಹೋಗಬಹುದು. ಆದರೆ ಸವೆದು ಹೋದ ನಳಿಕೆ, ಕುಗ್ಗಿದ ಸ್ಪ್ರಿಂಗು, ನೀರಿನಿಂದ ತುಕ್ಕು ಹಿಡಿದ ಸೂಜಿ ಇವುಗಳನ್ನು ಯಾವ ದ್ರವವೂ ಸರಿಪಡಿಸದು. ಇಂಜೆಕ್ಟರನ್ನು ಪರೀಕ್ಷಾ ಯಂತ್ರಕ್ಕೆ ಹಾಕಿಸಿ, ಇಂಧನ ಮಂಜಿನಂತೆ ಸಿಂಪಡಣೆಯಾಗುತ್ತದೆಯೋ ತೊಟ್ಟಿಕ್ಕುತ್ತದೆಯೋ ನೋಡಿಸಿದರೆ ಊಹೆಗೆ ಎಡೆಯಿರುವುದಿಲ್ಲ.

ನೀರನ್ನು 'ಹೀರುವ' ಕೆಲವು ದ್ರವಗಳಲ್ಲಿ ಮದ್ಯಸಾರವಿರುತ್ತದೆ. ಇದು ತೊಟ್ಟಿಯ ತಳದ ನೀರನ್ನು ಡೀಸೆಲ್ಲಿನೊಡನೆ ಬೆರೆಸಿ ಇಂಜೆಕ್ಟರಿಗೇ ಒಯ್ಯುತ್ತದೆ. ಹೊಸ ಕಾಮನ್ ರೇಲ್ ಇಂಜಿನ್ನುಗಳಲ್ಲಿ ಡೀಸೆಲ್ ಸಾವಿರಕ್ಕಿಂತ ಹೆಚ್ಚು ಬಾರ್ ಒತ್ತಡದಲ್ಲಿ ಹರಿಯುತ್ತದೆ. ಅಲ್ಲಿ ನೀರಿನ ಹನಿಯೂ ಇಂಜೆಕ್ಟರಿಗೆ ಮಾರಕ. ನೀರನ್ನು ಕರಗಿಸಬಾರದು, ಕೆಳಗಿನ ತಿರುಪು ಬಿಚ್ಚಿ ಹೊರಗೆ ಬಿಡಬೇಕು.

ಲೆಕ್ಕ ಹಾಕಿ ನೋಡಬೇಕು

ಒಂದು ಟ್ರ್ಯಾಕ್ಟರ್ ಗಂಟೆಗೆ 4 ಲೀಟರಿನಂತೆ ವರ್ಷಕ್ಕೆ 600 ಗಂಟೆ ಓಡಿತೆಂದು ಇಟ್ಟುಕೊಳ್ಳೋಣ. ಒಟ್ಟು ಡೀಸೆಲ್ 2,400 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 2,16,000 ರೂಪಾಯಿ. ಪ್ರತಿ 50 ಲೀಟರಿಗೆ 200 ರೂಪಾಯಿಯ ಒಂದು ಬಾಟಲಿ ಹಾಕುತ್ತ ಹೋದರೆ 48 ಬಾಟಲಿಗೆ 9,600 ರೂಪಾಯಿ ಆಗುತ್ತದೆ. ಈ ಖರ್ಚು ಬರೀ ಸರಿದೂಗಬೇಕಾದರೂ ಡೀಸೆಲ್ ಶೇಕಡಾ 4.4ರಷ್ಟು ಉಳಿಯಬೇಕು. ಅದಕ್ಕಿಂತ ಹೆಚ್ಚು ಉಳಿದರೆ ಮಾತ್ರ ಲಾಭದ ಮಾತು. ಸರಿಯಾಗಿ ನಡೆಯುತ್ತಿರುವ ಇಂಜಿನ್ನಿನಲ್ಲಿ ಅಷ್ಟು ಉಳಿತಾಯವನ್ನು ನಿರೀಕ್ಷಿಸುವಂತಿಲ್ಲ.

'ಈ ಸಲ ಡೀಸೆಲ್ ಕಡಿಮೆ ಹಿಡಿಯಿತು' ಎಂಬ ಅನುಭವವೂ ಮೋಸ ಮಾಡಬಹುದು. ಹೊಲದ ಹಸಿ, ಊಳುವ ಆಳ, ಟೈರಿನ ಗಾಳಿ, ಚಾಲಕ ಹಾಕುವ ಗೇರು ಇವು ಬದಲಾದರೆ ಡೀಸೆಲ್ ಖರ್ಚು ನಾಲ್ಕೈದು ಪಾಲಿಗಿಂತ ಹೆಚ್ಚೇ ಏರಿಳಿಯುತ್ತದೆ. ಪರೀಕ್ಷಿಸಬೇಕೆಂದರೆ ಸಮತಟ್ಟಾದ ಜಾಗದಲ್ಲಿ ಟ್ಯಾಂಕನ್ನು ಕಂಠಮಟ್ಟ ತುಂಬಿ, ಅದೇ ಹೊಲ, ಅದೇ ಸಲಕರಣೆ, ಅದೇ ಚಾಲಕನೊಡನೆ ಬಾಟಲಿ ಹಾಕಿ ಕೆಲವು ದಿನ, ಹಾಕದೆ ಕೆಲವು ದಿನ ಓಡಿಸಿ, ಮತ್ತೆ ತುಂಬಿದ ಲೀಟರನ್ನು ಬರೆದಿಡಬೇಕು.

ಇದಕ್ಕೆ ಹೋಲಿಸಿ ಒಂದು ಸೋರಿಕೆಯ ಲೆಕ್ಕ ನೋಡಬಹುದು. ಪೈಪಿನ ಜೋಡಣೆಯಿಂದ ಸೆಕೆಂಡಿಗೆ ಒಂದು ಹನಿಯಂತೆ ಡೀಸೆಲ್ ಸೋರಿದರೆ, ಇಪ್ಪತ್ತು ಹನಿಗೆ ಒಂದು ಮಿಲಿ ಲೀಟರಿನ ಲೆಕ್ಕದಲ್ಲಿ, ಹತ್ತು ಗಂಟೆಗೆ 1.8 ಲೀಟರ್ ಮಣ್ಣುಪಾಲು. ಅದನ್ನು ನಿಲ್ಲಿಸಲು ಬೇಕಾದದ್ದು ಒಂದು ತಾಮ್ರದ ವಾಷರು.

ಡೀಸೆಲ್ ಸಂಗ್ರಹಣೆ

ಸುಗ್ಗಿಯಲ್ಲಿ ಮತ್ತೆ ಮತ್ತೆ ಬಂಕಿಗೆ ಹೋಗುವುದನ್ನು ತಪ್ಪಿಸಲು ರೈತರು ಡ್ರಮ್ಮುಗಳಲ್ಲಿ ಡೀಸೆಲ್ ತಂದಿಡುತ್ತಾರೆ. ಇಂಧನದ ಹೆಚ್ಚಿನ ತೊಂದರೆಗಳು ಹುಟ್ಟುವುದು ಈ ಡ್ರಮ್ಮಿನಲ್ಲಿಯೇ. ಅರ್ಧ ಖಾಲಿಯಾದ ಡ್ರಮ್ಮಿನೊಳಗೆ ರಾತ್ರಿಯ ತಂಪಿಗೆ ತೇವ ಹನಿಗಟ್ಟಿ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ. ಫಿಲ್ಟರ್ ಕಟ್ಟಿಕೊಳ್ಳುವುದು ಈ ಲೋಳೆಯಿಂದ.

ಡ್ರಮ್ಮನ್ನು ನೆರಳಿನಲ್ಲಿ, ನೆಲದಿಂದ ಎತ್ತರಿಸಿ, ಒಂದು ಕಡೆಗೆ ಸ್ವಲ್ಪ ವಾಲಿಸಿ ಇಡಬೇಕು. ಸತು ಲೇಪಿಸಿದ ಪಾತ್ರೆಯಲ್ಲಿ ಡೀಸೆಲ್ ಇಡಬಾರದು. ಸತು ಡೀಸೆಲ್ಲಿನೊಡನೆ ಕೂಡಿ ಫಿಲ್ಟರ್ ಕಟ್ಟುವ ವಸ್ತುವಾಗುತ್ತದೆ. ತಂದ ಡೀಸೆಲ್ ಒಂದು ದಿನವಾದರೂ ತಿಳಿಯಾಗಲು ಬಿಟ್ಟು, ತಳದಿಂದ ಒಂದು ಗೇಣು ಬಿಟ್ಟು ಮೇಲಿನದನ್ನು ಮಾತ್ರ ತೆಗೆಯಬೇಕು. ಸೋಸಲು ಸಣ್ಣ ಕಣ್ಣಿನ ತಂತಿ ಜಾಲರಿ ಬಳಸಬೇಕು. ಹತ್ತಿ ಬಟ್ಟೆಯ ನೂಲೆಳೆ ಡೀಸೆಲ್ಲಿಗೆ ಸೇರುತ್ತದೆ. ಟ್ಯಾಂಕನ್ನು ಬೆಳಿಗ್ಗೆ ತುಂಬುವ ಬದಲು ಸಂಜೆ ಕೆಲಸ ಮುಗಿದಾಗ ತುಂಬಿದರೆ ರಾತ್ರಿ ತೇವ ಕೂಡಲು ಜಾಗವಿರುವುದಿಲ್ಲ. ಅನುಮಾನವಿದ್ದರೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಡೀಸೆಲ್ ಹಿಡಿದು ರಾತ್ರಿ ಇಟ್ಟು ಬೆಳಿಗ್ಗೆ ತಳ ನೋಡಬೇಕು.

ಹೊಗೆಯ ಬಣ್ಣವನ್ನು ಓದುವುದು

ಹೊಗೆ ಕಂಡ ಕೂಡಲೇ ಬಾಟಲಿ ತರುವ ಮುಂಚೆ ಅದರ ಬಣ್ಣ ನೋಡಬೇಕು. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ಏರ್ ಕ್ಲೀನರ್ ಕಟ್ಟಿರಬಹುದು, ಭಾರ ಹೆಚ್ಚಾಗಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ; ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ, ಇಲ್ಲವೇ ಎಣ್ಣೆ ಅಳತೆ ಮೀರಿ ತುಂಬಿದೆ. ಬಿಳಿ ಹೊಗೆ ಬೆಳಗಿನ ತಣ್ಣನೆಯ ಇಂಜಿನ್ನಿನಲ್ಲಿ ಸ್ವಲ್ಪ ಹೊತ್ತು ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ ಅಥವಾ ರೇಡಿಯೇಟರಿನ ನೀರು ಸಿಲಿಂಡರಿಗೆ ಸೇರುತ್ತಿದೆ.

ಲಿಂಗಸುಗೂರು, ಮಸ್ಕಿಯ ಒಣ ಹೊಲಗಳಲ್ಲಿ ಕಪ್ಪು ಹೊಗೆಗೆ ಮೊದಲು ನೋಡಬೇಕಾದದ್ದು ಏರ್ ಕ್ಲೀನರು. ಎಣ್ಣೆ ಬಟ್ಟಲಿನ ಮಾದರಿಯಾದರೆ ಧೂಳಿನ ಕಾಲದಲ್ಲಿ ದಿನವೂ ಬಟ್ಟಲು ನೋಡಿ, ತಳದಲ್ಲಿ ಮಣ್ಣು ಕೂತಿದ್ದರೆ ತೊಳೆದು ಗುರುತಿನವರೆಗೆ ಎಣ್ಣೆ ತುಂಬಬೇಕು. ಒಣ ಮಾದರಿಯಾದರೆ ಹೊರಗಿನ ರಬ್ಬರ್ ಕವಾಟವನ್ನು ಹಿಸುಕಿ ಧೂಳು ಬೀಳಿಸಬೇಕು. ಒಳಗಿನ ಚಿಕ್ಕ ಫಿಲ್ಟರನ್ನು ತೊಳೆಯಲು ಹೋಗದೆ ಅವಧಿಗೆ ಬದಲಿಸಬೇಕು. ಏರ್ ಕ್ಲೀನರಿನ ನಂತರದ ರಬ್ಬರ್ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ಅದರೊಳಗೆ ನುಗ್ಗುವ ಧೂಳು ಅರದಂತೆ ಸಿಲಿಂಡರನ್ನು ತಿನ್ನುತ್ತದೆ.

ಕಾರು, ಜೀಪು, ಮೋಟಾರ್ ಸೈಕಲ್ಲು

ಇಂದು ಅನೇಕ ರೈತ ಕುಟುಂಬಗಳಲ್ಲಿ ಟ್ರ್ಯಾಕ್ಟರಿನ ಜೊತೆಗೆ ಮೋಟಾರ್ ಸೈಕಲ್ಲು, ಕೆಲವರಲ್ಲಿ ಕಾರು ಅಥವಾ ಜೀಪೂ ಇವೆ. ಪೆಟ್ರೋಲ್ ಇಂಜಿನ್ನುಗಳಿಗೆ ಮಾಡಿದ ಕ್ಲೀನರುಗಳಲ್ಲಿ ಪಾಲಿಈಥರ್ ಅಮೈನ್ ಎಂಬ ವಸ್ತುವಿರುವವು ಇಂಜೆಕ್ಟರು ಮತ್ತು ವಾಲ್ವಿನ ಮಸಿಯನ್ನು ನಿಜವಾಗಿ ಕರಗಿಸುತ್ತವೆ. ಬಹಳ ಓಡಿದ ಪೆಟ್ರೋಲ್ ಕಾರು ನಿಂತಲ್ಲಿ ಅದುರುತ್ತಿದ್ದರೆ ಒಮ್ಮೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಪ್ರತಿ ತಿಂಗಳೂ ಹಾಕುವುದು ವ್ಯರ್ಥ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಹೊಸ ಕಾರುಗಳಲ್ಲಿ ಪೆಟ್ರೋಲು ಒಳಗಾಳಿಯ ವಾಲ್ವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಟ್ಯಾಂಕಿಗೆ ಹಾಕಿದ ಕ್ಲೀನರ್ ಆ ವಾಲ್ವನ್ನು ತೊಳೆಯಲಾರದು. ಎಥೆನಾಲ್ ಬೆರೆತ ಪೆಟ್ರೋಲು ನೀರನ್ನು ಎಳೆದುಕೊಳ್ಳುವುದರಿಂದ ಬಹಳ ದಿನ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಉಳಿಸಬಾರದು.

ಮೋಟಾರ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇಂಜಿನ್ ಆಯಿಲಿನಲ್ಲಿಯೇ ಕ್ಲಚ್ ತಟ್ಟೆಗಳು ಮುಳುಗಿರುತ್ತವೆ. ಘರ್ಷಣೆ ತಗ್ಗಿಸುವ ಪೂರಕ ಹಾಕಿದರೆ ಕ್ಲಚ್ ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂದಿರುವ ಎಣ್ಣೆ ಹಾಕಿದರೆ ಸಾಕು.

ಬಿ.ಎಸ್.-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. 2023ರ ಜನವರಿಯಿಂದ ಬಂದ ಟ್ರೆಮ್-4 ನಿಯಮದ, 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಲ್ಲೂ ಇಂಥ ಸಾಧನಗಳಿರಬಹುದು. ಎಣ್ಣೆಗೆ ಹಾಕುವ ಪೂರಕಗಳಲ್ಲಿರುವ ಲೋಹದ ಅಂಶ ಬೂದಿಯಾಗಿ ಈ ಫಿಲ್ಟರನ್ನು ಕಾಯಂ ಕಟ್ಟಿಬಿಡುತ್ತದೆ. ಇಂಥವಕ್ಕೆ ಕೈಪಿಡಿಯಲ್ಲಿ ಹೇಳಿದ, ಬೂದಿ ಕಡಿಮೆ ಇರುವ ಎಣ್ಣೆಯನ್ನೇ ಹಾಕಬೇಕು.

ಹೊಸ ಲಾರಿ ಮುಂತಾದ ಕೆಲವು ಡೀಸೆಲ್ ಗಾಡಿಗಳಿಗೆ ಬೇರೆ ಟ್ಯಾಂಕಿನಲ್ಲಿ ಯೂರಿಯಾ ದ್ರಾವಣ ತುಂಬುತ್ತಾರೆ. ಇದು ಡೀಸೆಲ್ ಕ್ಲೀನರ್ ಅಲ್ಲ. ಹೊಗೆ ಕೊಳವೆಗೆ ಚಿಮ್ಮಿಸಿ ವಿಷಾನಿಲ ತಗ್ಗಿಸಲು ಬಳಸುವ, ಶೇಕಡಾ 32.5 ಶುದ್ಧ ಯೂರಿಯಾ ಇರುವ ದ್ರಾವಣ. ಇದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಇಂಧನ ವ್ಯವಸ್ಥೆಯೆಲ್ಲ ಹಾಳಾಗುತ್ತದೆ. ಗದ್ದೆಗೆ ಹಾಕುವ ಬೇವು ಲೇಪಿತ ಯೂರಿಯಾವನ್ನು ಬಾವಿ ನೀರಿನಲ್ಲಿ ಕರಗಿಸಿ ಹಾಕುವುದೂ ಅಷ್ಟೇ ಕೆಟ್ಟದ್ದು. ಅದರ ಕಲ್ಮಶ ಬೆಲೆಬಾಳುವ ಸಾಧನವನ್ನು ಕೆಡಿಸುತ್ತದೆ.

ಪೂರಕ ದ್ರವ ಯಾವಾಗ ಉಪಯುಕ್ತ?

ಎಲ್ಲ ಪೂರಕಗಳೂ ಮೋಸವೆಂದು ತಿಳಿಯಬೇಕಾಗಿಲ್ಲ. ತಿಂಗಳುಗಟ್ಟಲೆ ಇಟ್ಟ ಡೀಸೆಲ್ಲಿನಲ್ಲಿ ಲೋಳೆ ಕಂಡಾಗ ನೀರು ಬಿಟ್ಟು, ಡ್ರಮ್ಮು ತೊಳೆದ ನಂತರ ಸೂಕ್ಷ್ಮಜೀವಿನಾಶಕ ದ್ರವವನ್ನು ಹೇಳಿದ ಪ್ರಮಾಣದಲ್ಲಿ ಬಳಸಬಹುದು. ಇಂಜೆಕ್ಟರಿಗೆ ಮಸಿ ಹಿಡಿದಿದೆಯೆಂದು ಮೆಕ್ಯಾನಿಕ್ ಖಚಿತಪಡಿಸಿದಾಗ, ಟ್ರ್ಯಾಕ್ಟರ್ ತಯಾರಕರೇ ಒಪ್ಪಿದ ಕ್ಲೀನರನ್ನು ಒಂದೆರಡು ಟ್ಯಾಂಕಿಗೆ ಹಾಕಬಹುದು. ಇಲ್ಲಿ ಎರಡು ನಿಯಮ: ಮೊದಲು ಕಾರಣ ತಿಳಿಯಬೇಕು, ಆಮೇಲೆ ದ್ರವ, ವಾರಂಟಿ ಇರುವ ಟ್ರ್ಯಾಕ್ಟರಿಗೆ ಕೈಪಿಡಿಯಲ್ಲಿ ಇಲ್ಲದ್ದನ್ನು ಹಾಕಬಾರದು.

ನೆನಪಿನಲ್ಲಿಡಬೇಕಾದ ಅಂಶಗಳು

1. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಬೇಕು. ಈ ಭಾಗದ ಬಿಸಿಲಿಗೆ ಬಹುಪಾಲು ಟ್ರ್ಯಾಕ್ಟರುಗಳಿಗೆ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ದರ್ಜೆ ಹೇಳಿರುತ್ತಾರೆ.

2. ಅನೇಕ ಟ್ರ್ಯಾಕ್ಟರುಗಳಿಗೆ 250 ಗಂಟೆಗೊಮ್ಮೆ ಎಣ್ಣೆ ಬದಲಿಸಲು ಹೇಳಿರುತ್ತದೆ. ಕೆಸರು ಮತ್ತು ಧೂಳಿನ ಕೆಲಸ ಹೆಚ್ಚಿದ್ದರೆ ಇನ್ನೂ ಮೊದಲೇ ಬದಲಿಸುವುದು ಒಳ್ಳೆಯದು. ಎಣ್ಣೆಯೊಡನೆ ಫಿಲ್ಟರನ್ನೂ ತಪ್ಪದೆ ಬದಲಿಸಬೇಕು. ಗಂಟೆ ಮತ್ತು ತಾರೀಖನ್ನು ಬರೆದಿಡಬೇಕು.

3. ಸೀಲು ಒಡೆಯದ ಡಬ್ಬಿಯನ್ನು ರಸೀದಿ ಸಮೇತ ಕೊಳ್ಳಬೇಕು. ಖಾಲಿ ಡಬ್ಬಿಗೆ ತೂತು ಮಾಡಿದರೆ ನಕಲಿ ತುಂಬುವವರ ಕೈಗೆ ಅದು ಸಿಗುವುದಿಲ್ಲ.

4. ದಿನವೂ ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮೊದಲು ಎಣ್ಣೆಯ ಮಟ್ಟ, ರೇಡಿಯೇಟರಿನ ನೀರು, ನೀರು ಬೇರ್ಪಡಿಸುವ ಬಟ್ಟಲು ಮತ್ತು ಏರ್ ಕ್ಲೀನರ್ ನೋಡಬೇಕು. ಸಂಜೆ ರೇಡಿಯೇಟರಿನ ಕೆಸರು, ಹೊಟ್ಟು ತೆಗೆಯಬೇಕು.

5. ಕೆಸರಿನ ಕೆಲಸ ಮುಗಿದ ಕೂಡಲೇ ಹಿಂದಿನ ಆಕ್ಸಲ್ ಮತ್ತು ಗೇರ್ ಪೆಟ್ಟಿಗೆಯ ಎಣ್ಣೆಯಲ್ಲಿ ನೀರು ಸೇರಿದೆಯೇ ಪರೀಕ್ಷಿಸಬೇಕು.

6. ಹಳೆಯ ಎಣ್ಣೆಯನ್ನು ಕಾಲುವೆಗೆ, ಬದುವಿಗೆ ಚೆಲ್ಲಬಾರದು. ಡಬ್ಬಿಯಲ್ಲಿ ಶೇಖರಿಸಿ, ಅದನ್ನು ಕೊಳ್ಳಲು ಪರವಾನಿಗೆ ಇರುವವರಿಗೆ ಕೊಡಬೇಕು.

7. ಕಾಲುವೆಗೆ ನೀರು ಬರುವ ಮುಂಚಿನ ಬಿಡುವಿನಲ್ಲಿಯೇ ಇಂಜೆಕ್ಟರ್, ಫಿಲ್ಟರ್, ರಬ್ಬರ್ ಕೊಳವೆಗಳನ್ನು ನೋಡಿಸಿ ಸರಿಪಡಿಸಿಕೊಳ್ಳಬೇಕು.

ಬಾಟಲಿಗೆ ವರ್ಷಕ್ಕೆ ಸುರಿಯುವ ಹಣವನ್ನು ಒಂದು ಒಳ್ಳೆಯ ಎಣ್ಣೆ ಫಿಲ್ಟರಿಗೆ, ಎರಡು ಡೀಸೆಲ್ ಫಿಲ್ಟರುಗಳಿಗೆ, ಒಂದು ಏರ್ ಫಿಲ್ಟರಿಗೆ ಮತ್ತು ಇಂಜೆಕ್ಟರಿನ ಪರೀಕ್ಷೆಗೆ ಉಪಯೋಗಿಸಿದರೆ ಅದರ ಫಲ ನಾಟಿಯ ದಿನ ಕಾಣುತ್ತದೆ. ಕಾಲುವೆಯ ನೀರು ಗದ್ದೆಗೆ ಬಂದಾಗ ಟ್ರ್ಯಾಕ್ಟರು ಗದ್ದೆಯಲ್ಲಿರಬೇಕು, ಗ್ಯಾರೇಜಿನಲ್ಲಲ್ಲ.